ಎದೆಯ ಮೇಲಿನ ಕೆಂಪಕ್ಷರ

ನುಣುಪಾದ ಕೆಂಪು ಬಟ್ಟೆಯ ಒಂದು ಚೂರು. ಸುತ್ತ ಚಿನ್ನದ ಎಳೆಯ ಕಸೂತಿ. ಕಾಲ ಒಂದಿಷ್ಟು, ನುಸಿ ಒಂದಿಷ್ಟು ತಿಂದುಹಾಕಿ ಹೊಳಪೆಲ್ಲ ಹೋಗಿದೆ. ಬಿಡಿಸಿ ನೋಡಿದರೆ ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರ; ಅಳೆದರೆ ಒಂದೊಂದು ಕಾಲೂ ಸರಿಯಾಗಿ ಮೂರೂಕಾಲು ಇಂಚು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸೇಲಂ ಊರಿನಲ್ಲಿ, ಸುಂಕದ ಕಚೇರಿಯ ಮಹಡಿಯ ಮೇಲೆ, ಹಳೆಯ ಕಡತಗಳ ರಾಶಿಯಲ್ಲಿ ಇದು ತನಗೆ ಸಿಕ್ಕಿತು ಎಂದು ನಥಾನಿಯಲ್ ಹಾಥಾರ್ನ್ ‘ದಿ ಸ್ಕಾರ್ಲೆಟ್ ಲೆಟರ್’ ಕಾದಂಬರಿಯ ಪೀಠಿಕೆಯಲ್ಲಿ ಬರೆಯುತ್ತಾನೆ. ಅದನ್ನು ಎದೆಗೆ ಹಿಡಿದು ನೋಡುತ್ತಾನೆ, ಮೈ ಸುಟ್ಟಂತಾಗಿ ಕೈಬಿಡುತ್ತಾನೆ. ಸಿಕ್ಕಿತೆಂಬುದು ಕಲ್ಪನೆಯೇ. ಆದರೆ ಅರ್ಥ ತಿಳಿಯುವ ಮೊದಲೇ ಮೈಗೆ ತಾಗುವ ಆ ಬಿಸಿ ಮಾತ್ರ ಸುಳ್ಳಲ್ಲ. 1850ರಿಂದ ಈಚೆಗೆ ಈ ಕಾದಂಬರಿಯನ್ನು ಕುರಿತು ಬಂದ ವಿಮರ್ಶೆಯನ್ನೆಲ್ಲ ಆ ಬಿಸಿಗೆ ಹೆಸರಿಡುವ ಪ್ರಯತ್ನವೆಂದೇ ಓದಬಹುದು. ಪ್ರತಿ ತಲೆಮಾರೂ ಅಕ್ಷರವನ್ನು ತನ್ನ ಎದೆಗೆ ಹಿಡಿದು ನೋಡಿದೆ. ಸುಟ್ಟ ಜಾಗ ಒಬ್ಬೊಬ್ಬರಿಗೆ ಒಂದೊಂದು.

ಹಾಥಾರ್ನ್‌ಗೆ ಈ ವಿಷಯ ಮನೆತನದಿಂದಲೇ ಬಂದದ್ದು. ಅವನ ಪೂರ್ವಜ ವಿಲಿಯಂ ಹಾಥಾರ್ನ್ ಕ್ವೇಕರ್ ಪಂಥದವರನ್ನು ಹಿಂಸಿಸಿದ ಅಧಿಕಾರಿ. ವಿಲಿಯಂನ ಮಗ ಜಾನ್, 1692ರ ಸೇಲಂ ಮಾಟಗಾತಿ ವಿಚಾರಣೆಯ ನ್ಯಾಯಾಧೀಶರಲ್ಲೊಬ್ಬ. ಆ ವಿಚಾರಣೆಯಲ್ಲಿ 19 ಜನರನ್ನು ಗಲ್ಲಿಗೇರಿಸಲಾಯಿತು. ಇವರಿಬ್ಬರ ಪಾಪ ತನಗೂ ಅಂಟಿದೆಯೆಂಬ ಭಾವ ಲೇಖಕನನ್ನು ಬಿಡಲಿಲ್ಲ. ಪೀಠಿಕೆಯಲ್ಲಿ ಅವರ ಪರವಾಗಿ ನಾಚಿಕೆಯನ್ನು ತಾನು ಹೊರುತ್ತಾನೆ. 1849ರಲ್ಲಿ ಸರ್ಕಾರ ಬದಲಾಗಿ ಸುಂಕದ ಕೆಲಸ ಹೋಯಿತು, ಅದೇ ಬೇಸಿಗೆಯಲ್ಲಿ ತಾಯಿ ತೀರಿಕೊಂಡಳು. ಅದರ ಬೆನ್ನಿಗೇ ಬರೆಯಲು ಕೂತ. 1850ರ ಫೆಬ್ರವರಿಯಲ್ಲಿ ಕೊನೆಯ ಭಾಗವನ್ನು ಹೆಂಡತಿ ಸೋಫಿಯಾಗೆ ಓದಿ ಹೇಳಿದಾಗ ಆಕೆ ತಲೆನೋವು ಹಿಡಿದು ಹಾಸಿಗೆಗೆ ಹೋದಳೆಂದೂ, ಅದೇ ತನ್ನ ಗೆಲುವೆಂದೂ ಗೆಳೆಯನಿಗೆ ಪತ್ರ ಬರೆದ. ಮಾರ್ಚಿನಲ್ಲಿ ಬಾಸ್ಟನ್ನಿನಲ್ಲಿ ಪುಸ್ತಕ ಹೊರಬಂತು. ಮೊದಲ ಮುದ್ರಣದ 2,500 ಪ್ರತಿಗಳು ಹತ್ತೇ ದಿನದಲ್ಲಿ ಮುಗಿದವು.

ಕತೆಯ ಕಾಲ 1642ರಿಂದ 1649. ಬಾಸ್ಟನ್ನಿನ ಸೆರೆಮನೆಯ ಬಾಗಿಲಿನಿಂದ ಹೆಸ್ಟರ್ ಪ್ರಿನ್ ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಹೊರಬರುತ್ತಾಳೆ. ಗಂಡ ಜೊತೆಗಿಲ್ಲದ ಹೆಂಗಸು; ಮಗುವಿನ ತಂದೆ ಯಾರೆಂದು ಹೇಳುವುದಿಲ್ಲ. ಶಿಕ್ಷೆಯ ಕಟ್ಟೆಯ ಮೇಲೆ ಮೂರು ಗಂಟೆ ನಿಲ್ಲಬೇಕು, ಬದುಕಿರುವ ತನಕ ಎದೆಯ ಮೇಲೆ ‘ಎ’ ಹೊತ್ತಿರಬೇಕು. ಇದು ಕನಿಕರದ ತೀರ್ಪು. ಆ ವಸಾಹತಿನ ಕಾನೂನಿನಲ್ಲಿ ಹಾದರಕ್ಕೆ ಮರಣದಂಡನೆಯೇ ಇತ್ತು. 1644ರಲ್ಲಿ ಮೇರಿ ಲೇಥಮ್ ಮತ್ತು ಜೇಮ್ಸ್ ಬ್ರಿಟನ್ ಎಂಬಿಬ್ಬರು ಇದೇ ಅಪರಾಧಕ್ಕೆ ಗಲ್ಲಿಗೇರಿದ್ದರು. ಹೆಸ್ಟರಳ ವಿಶೇಷ ಏನೆಂದರೆ, ಅವಮಾನದ ಗುರುತನ್ನು ಅವಳು ತನ್ನ ಸೂಜಿಯಿಂದಲೇ ಹೊಳೆಯುವ ಕಸೂತಿಯಾಗಿ ಮಾಡಿಕೊಂಡಿದ್ದಾಳೆ. ಕೆಳಗೆ ನಿಂತ ಹೆಂಗಸರಿಗೆ ಸಿಟ್ಟು ಬರುವುದು ಪಾಪಕ್ಕಿಂತ ಹೆಚ್ಚಾಗಿ ಆ ಕಸೂತಿಯ ಮೇಲೆ. ಹಾದರ ಎಂಬ ಅರ್ಥದ ‘ಅಡಲ್ಟರಿ’ ಎಂಬ ಪದವನ್ನು ಹಾಥಾರ್ನ್ ಇಡೀ ಕತೆಯಲ್ಲಿ ಒಮ್ಮೆಯೂ ಬಳಸುವುದಿಲ್ಲ. ಅಕ್ಷರವೊಂದನ್ನೇ ಕೊಟ್ಟು, ಪದವನ್ನು ಓದುವವರ ಬಾಯಿಗೆ ಬಿಟ್ಟಿದ್ದಾನೆ.

ಮೊದಲ ಓದುಗರು ಆ ಪದವನ್ನು ಕೂಡಲೇ ಉಚ್ಚರಿಸಿದರು. ಎವರ್ಟ್ ಡೈಕಿಂಕ್, ಎಡ್ವಿನ್ ವಿಪಲ್ ಮೊದಲಾದವರು ಕಾದಂಬರಿಯ ಮಾನಸಿಕ ಆಳವನ್ನು ಮೆಚ್ಚಿದರು. ಧರ್ಮಪತ್ರಿಕೆಗಳಿಗೆ ಸಮಾಧಾನವಾಗಲಿಲ್ಲ. ಒರೆಸ್ಟಸ್ ಬ್ರೌನ್‌ಸನ್‌ನ ತಕರಾರು, ಇಲ್ಲಿ ಯಾರೂ ನಿಜವಾದ ಪಶ್ಚಾತ್ತಾಪ ಪಡುವುದಿಲ್ಲ ಎಂಬುದು. ಪಾದ್ರಿ ಆರ್ಥರ್ ಕ್ಲೀವ್‌ಲೆಂಡ್ ಕಾಕ್ಸ್‌ಗೆ ಇಂಥ ಕತೆ ಹುಡುಗಿಯರ ಕೈಗೆ ಸಿಗುವುದೇ ದಿಗಿಲು. ಇವರನ್ನು ಈಗ ಸಲೀಸಾಗಿ ಬದಿಗೆ ಸರಿಸುತ್ತೇವೆ. ಅದು ಸರಿಯಲ್ಲವೆಂದು ನನಗನ್ನಿಸುತ್ತದೆ. ಬ್ರೌನ್‌ಸನ್ ಪುಸ್ತಕವನ್ನು ಸರಿಯಾಗಿಯೇ ಓದಿದ್ದ. ಮಗುವಿನ ತಂದೆಯನ್ನು ಕಾಡಿನಲ್ಲಿ ಮತ್ತೆ ಭೇಟಿಯಾದಾಗ, ತಾವು ಮಾಡಿದ್ದಕ್ಕೆ ತನ್ನದೇ ಒಂದು ಪಾವಿತ್ರ್ಯವಿತ್ತು ಎಂಬಂತೆ ಹೆಸ್ಟರ್ ಮಾತಾಡುತ್ತಾಳೆ. ಪಶ್ಚಾತ್ತಾಪವಿಲ್ಲವೆಂದು ಅವನು ದೂರಿದ ಜಾಗದಲ್ಲೇ ಮುಂದಿನ ನೂರು ವರ್ಷದ ವಿಮರ್ಶಕರು ಗುದ್ದಲಿ ಹಾಕಿದರು.

ಈ ಪುಸ್ತಕವನ್ನು ಕನ್ನಡದಲ್ಲಿ ವಿವರಿಸಲು ಹೊರಟಾಗಲೆಲ್ಲ ಒಂದು ಪದ ನನ್ನನ್ನು ತಡೆದು ನಿಲ್ಲಿಸುತ್ತದೆ. ನಮ್ಮಲ್ಲಿ ‘ಪಾಪ’ ಎಂದರೆ ಪುಣ್ಯದ ಎದುರು ನಿಲ್ಲುವ ಪಾಪ. ಎಡವಿ ಬಿದ್ದ ಮಗುವನ್ನು ಕಂಡು ‘ಅಯ್ಯೋ ಪಾಪ’ ಎನ್ನುವಾಗ ಬರುವುದೂ ಅದೇ ಪದ. ತಪ್ಪನ್ನೂ ಕರುಣೆಯನ್ನೂ ಒಂದೇ ಉಸಿರಿನಲ್ಲಿ ಹೇಳುವ ಈ ಅನುಕೂಲ ಹೆಸ್ಟರಳ ಊರಿನ ಪ್ಯೂರಿಟನ್ನರ, ಅಂದರೆ ಕಟ್ಟುನಿಟ್ಟಿನ ಕ್ರೈಸ್ತ ಪಂಥದವರ, ಭಾಷೆಗೆ ಇರಲಿಲ್ಲ. ಧರ್ಮಸುಧಾರಕ ಕ್ಯಾಲ್ವಿನ್ನನ ಹಾದಿಯ ಅವರ ನಂಬಿಕೆಯಲ್ಲಿ ಮನುಷ್ಯ ಹುಟ್ಟಿನಿಂದಲೇ ಕೆಟ್ಟವನು. ಯಾರು ಉಳಿಯುತ್ತಾರೆ, ಯಾರು ಉಳಿಯುವುದಿಲ್ಲ ಎಂಬುದು ದೇವರ ಮನಸ್ಸಿನಲ್ಲಿ ಮೊದಲೇ ತೀರ್ಮಾನವಾಗಿದೆ. ಇಂತಿಷ್ಟು ಪಾಪಕ್ಕೆ ಇಂತಿಷ್ಟು ಪ್ರಾಯಶ್ಚಿತ್ತ ಎಂಬ ಲೆಕ್ಕ ಅಲ್ಲಿಲ್ಲ. ಆದ್ದರಿಂದ ಒಳಗಿನ ಸ್ಥಿತಿಗೆ ಹೊರಗೆ ಗುರುತು ಹುಡುಕುವುದೇ ದಿನದ ಕೆಲಸವಾಗುತ್ತದೆ. ಬೆಳೆ ಕೆಟ್ಟರೆ ಗುರುತು, ಉಲ್ಕೆ ಬಿದ್ದರೆ ಗುರುತು. ಸಂಕೇತವೆಂಬುದು ಕಾದಂಬರಿಗೆ ಹಾಥಾರ್ನ್ ತೊಡಿಸಿದ ಒಡವೆಯಲ್ಲ, ಆ ಸಮಾಜ ಉಸಿರಾಡುತ್ತಿದ್ದುದೇ ಸಂಕೇತಗಳಲ್ಲಿ.

1879ರಲ್ಲಿ ಹಾಥಾರ್ನ್ ಕುರಿತು ಇಡೀ ಪುಸ್ತಕ ಬರೆದ ಹೆನ್ರಿ ಜೇಮ್ಸ್‌ಗೆ ಈ ಮಾತು ಒಪ್ಪಿಗೆಯಾಗುತ್ತಿರಲಿಲ್ಲ. ಕಾದಂಬರಿಯನ್ನು ಮನಸಾರೆ ಹೊಗಳಿದ ಅವನು ಒಂದು ದೃಶ್ಯದಲ್ಲಿ ಮುಗ್ಗರಿಸಿದ. ನಡುರಾತ್ರಿ ಡಿಮ್ಸ್‌ಡೇಲ್ ಎಂಬ ಯುವ ಪಾದ್ರಿ (ಮಗುವಿನ ತಂದೆ ಅವನೇ, ಊರಿಗೆ ತಿಳಿಯದು) ಯಾರೂ ನೋಡದ ಹೊತ್ತಿನಲ್ಲಿ ಶಿಕ್ಷೆಯ ಕಟ್ಟೆ ಹತ್ತುತ್ತಾನೆ. ಹೆಸ್ಟರ್ ಮತ್ತು ಮಗಳು ಪರ್ಲ್ ಬಂದು ಕೈಹಿಡಿಯುತ್ತಾರೆ. ಆಗ ಆಕಾಶದಲ್ಲಿ ಬೆಳಕೊಂದು ಹಾಯುತ್ತದೆ, ಅದರಲ್ಲಿ ಅವನಿಗೆ ದೊಡ್ಡ ‘ಎ’ ಕಾಣುತ್ತದೆ. ಇದು ಅತಿಯಾಯಿತು, ಗಂಭೀರವಾದದ್ದು ನಗೆಪಾಟಲಿನ ಅಂಚಿಗೆ ಬಂತು ಎಂದು ಜೇಮ್ಸ್ ಭಾವಿಸಿದ. ಜೇಮ್ಸ್ ಇಲ್ಲಿ ತಪ್ಪಿದನೆಂದೇ ನನ್ನ ಎಣಿಕೆ. ಮರುದಿನ ಬೆಳಗ್ಗೆ ಚರ್ಚಿನ ಕೆಲಸದವನು ಬಂದು ಹೇಳುವುದನ್ನು ಗಮನಿಸಬೇಕು: ಊರವರೂ ಆ ಅಕ್ಷರ ಕಂಡಿದ್ದಾರೆ, ಆದರೆ ಆ ರಾತ್ರಿ ತೀರಿಕೊಂಡ ಗವರ್ನರ್ ವಿಂತ್ರಪ್ ದೇವದೂತನಾದದ್ದಕ್ಕೆ ‘ಏಂಜೆಲ್’ ಎಂದು ಓದಿಕೊಂಡಿದ್ದಾರೆ. ಪಾದ್ರಿ ಕಂಡದ್ದು ತನ್ನ ತಪ್ಪನ್ನು, ಊರು ಕಂಡದ್ದು ತನ್ನ ಹಿರಿಯನ ಸದ್ಗತಿಯನ್ನು. ಆಕಾಶದಲ್ಲಿ ಏನಿತ್ತೋ ಹಾಥಾರ್ನ್ ಹೇಳುವುದಿಲ್ಲ. ಜೇಮ್ಸನ ಇನ್ನೊಂದು ಮಾತು ಬಹುಕಾಲ ನಿಂತಿತು: ಇದು ಹೆಸ್ಟರಳ ಕತೆ ಎನ್ನುವುದಕ್ಕಿಂತ ಡಿಮ್ಸ್‌ಡೇಲ್‌ನ ಕತೆ ಎಂಬುದು.

1923ರಲ್ಲಿ ಡಿ. ಎಚ್. ಲಾರೆನ್ಸ್ ತನ್ನ ಅಮೆರಿಕನ್ ಸಾಹಿತ್ಯದ ಪುಸ್ತಕದಲ್ಲಿ ಗುಡುಗಿದ. ಸಭ್ಯ ಮೇಲ್ಮೈಯ ಕೆಳಗೆ ಅಮೆರಿಕನ್ ಬರವಣಿಗೆ ಬೇರೊಂದು ಉಗ್ರ ಕತೆ ಹೇಳುತ್ತಿದೆ ಎಂಬ ಅವನ ಹೊಳಹು ದೊಡ್ಡದು. ಹೆಸ್ಟರಳನ್ನು ಪುರುಷನನ್ನು ಕೆಡವುವ ಹೆಣ್ಣಾಗಿ ಕಂಡ ಅವನ ರೋಷ ಈಗ ಓದಲು ಕಷ್ಟ.

ಸಂಕೇತದ ಓದು ನಿಜವಾಗಿ ಬೆಳೆದದ್ದು 1941ರ ನಂತರ, ಎಫ್. ಓ. ಮ್ಯಾಥಿಸನ್‌ನ ‘ಅಮೆರಿಕನ್ ರಿನೈಸಾನ್ಸ್’ ಬಂದ ಮೇಲೆ. ಹಾಥಾರ್ನ್ ಒಂದೇ ಘಟನೆಗೆ ಹಲವು ವಿವರಣೆಗಳನ್ನು ಮುಂದಿಟ್ಟು ಆಯ್ಕೆಯನ್ನು ಓದುಗನಿಗೆ ಬಿಡುವ ಕ್ರಮವನ್ನು ಮ್ಯಾಥಿಸನ್ ಎತ್ತಿ ತೋರಿಸಿದ. ಕೊನೆಯ ಕಟ್ಟೆಯ ದೃಶ್ಯವನ್ನೇ ನೋಡಿ. ಸಾವಿನ ಅಂಚಿನಲ್ಲಿ ಡಿಮ್ಸ್‌ಡೇಲ್ ಜನರೆದುರು ಅಂಗಿ ಸರಿಸಿ ಎದೆ ತೋರಿಸುತ್ತಾನೆ. ಅಲ್ಲೇನಿತ್ತು? ಮಾಂಸದಲ್ಲಿ ಮೂಡಿದ ಕೆಂಪಕ್ಷರ ಎಂದರು ಬಹುಪಾಲು ಜನ. ಅದು ಬಂದದ್ದು ಹೇಗೆ? ತನ್ನನ್ನು ತಾನೇ ಹಿಂಸಿಸಿಕೊಂಡು ಮಾಡಿಕೊಂಡದ್ದು ಎಂದರು ಕೆಲವರು. ವೈದ್ಯನಾಗಿ ಊರಲ್ಲಿದ್ದ ಹೆಸ್ಟರಳ ಗಂಡ ಚಿಲ್ಲಿಂಗ್‌ವರ್ತ್‌ನ ಮಾಟ ಮತ್ತು ಔಷಧದಿಂದ ಎಂದರು ಮತ್ತೆ ಕೆಲವರು. ಒಳಗಿನ ಸಂಕಟ ಹೃದಯವನ್ನು ಕೊರೆದು ಹೊರಗೆ ಬಂದದ್ದು ಎಂದವರೂ ಇದ್ದರು. ಕಣ್ಣು ಕೀಳದೆ ನೋಡಿದ ಕೆಲವರು ಮಾತ್ರ, ಹಸುಗೂಸಿನ ಎದೆಯಂತೆ ಅಲ್ಲಿ ಏನೂ ಇರಲಿಲ್ಲ ಎಂದರು. 1953ರಲ್ಲಿ ಚಾರ್ಲ್ಸ್ ಫೀಡೆಲ್ಸನ್ ಇನ್ನೂ ಮುಂದೆ ಹೋದ. ಅಕ್ಷರಕ್ಕೆ ಅರ್ಥವೇನೆಂದು ಕೇಳುವುದಲ್ಲ, ಎಲ್ಲರೂ ಕೂಡಿ ಅರ್ಥ ಹಚ್ಚುವ ಕ್ರಿಯೆಯೇ ಕಾದಂಬರಿಯ ವಸ್ತು ಎಂದ. ಊರಿನ ಬಡವರಿಗೆ, ರೋಗಿಗಳಿಗೆ ಹೆಸ್ಟರ್ ನೆರವಾಗುತ್ತಾ ಬಂದಂತೆ ಅದೇ ‘ಎ’ಯನ್ನು ಜನ ‘ಏಬಲ್’, ಅಂದರೆ ಸಮರ್ಥೆ, ಎಂದು ಓದತೊಡಗುತ್ತಾರೆ. ಬಟ್ಟೆ ಬದಲಾಗಿಲ್ಲ, ಹೊಲಿಗೆಯೂ ಬದಲಾಗಿಲ್ಲ.

1966ರಲ್ಲಿ ಫ್ರೆಡರಿಕ್ ಕ್ರೂಸ್ ಫ್ರಾಯ್ಡನ ಮನೋವಿಶ್ಲೇಷಣೆಯನ್ನು ಹಿಡಿದು ‘ದಿ ಸಿನ್ಸ್ ಆಫ್ ದಿ ಫಾದರ್ಸ್’ ಬರೆದ. ಪಾಪದ ಮಾತು ಹಿಂದೆ ಸರಿದು ಅಪರಾಧಪ್ರಜ್ಞೆ ಮುಂದೆ ಬಂತು. ಡಿಮ್ಸ್‌ಡೇಲ್ ಬಾಗಿಲು ಹಾಕಿಕೊಂಡು ತನಗೆ ತಾನೇ ಚಾಟಿಯಿಂದ ಹೊಡೆದುಕೊಳ್ಳುತ್ತಾನೆ, ಉಪವಾಸ ಮಾಡುತ್ತಾನೆ, ರಾತ್ರಿಗಳನ್ನು ಎಚ್ಚರದಲ್ಲಿ ಕಳೆಯುತ್ತಾನೆ. ವೇದಿಕೆ ಹತ್ತಿ ತಾನು ಮಹಾಪಾಪಿ ಎನ್ನುತ್ತಾನೆ. ಎಂಥ ವಿನಯ ಎಂದು ಜನ ಇನ್ನಷ್ಟು ಪೂಜಿಸುತ್ತಾರೆ. ಹಾಗಾಗುವುದೆಂದು ಅವನಿಗೂ ಗೊತ್ತು. ತಪ್ಪನ್ನು ಒಪ್ಪಿಕೊಳ್ಳುವ ಮಾತೇ ಅದನ್ನು ಮುಚ್ಚುವ ಸಾಧನವಾಗುವ ಈ ಪುಟಗಳನ್ನು ಮೀರಿಸುವುದು ಇಡೀ ಪುಸ್ತಕದಲ್ಲಿ ಇನ್ನೊಂದಿಲ್ಲ. ಊರು ಎದೆಯ ಮೇಲೆ ಹೊರಿಸಿದ್ದನ್ನು ಹೊತ್ತ ಹೆಸ್ಟರ್ ಗಟ್ಟಿಯಾಗುತ್ತಾ ಹೋಗುತ್ತಾಳೆ. ಬಚ್ಚಿಟ್ಟುಕೊಂಡವನು ಒಳಗಿಂದ ಸವೆಯುತ್ತಾನೆ. ಕ್ರೂಸ್ ಮುಂದೆ ಫ್ರಾಯ್ಡನನ್ನು ಕಟುವಾಗಿ ತಿರಸ್ಕರಿಸಿದ. ಆದರೂ ಡಿಮ್ಸ್‌ಡೇಲ್ ಕುರಿತ ಅವನ ಓದು ಹಳತಾಗಿಲ್ಲ.

ಅಷ್ಟರಲ್ಲಿ ಇತಿಹಾಸಕಾರ ಪೆರಿ ಮಿಲ್ಲರ್ ಪ್ಯೂರಿಟನ್ನರ ಚಿಂತನೆಯನ್ನು ಗಂಭೀರವಾಗಿ ತೆಗೆದುಕೊಳ್ಳುವುದನ್ನು ಕಲಿಸಿದ್ದ. ಅವರನ್ನು ಬರೀ ಕ್ರೂರಿಗಳೆಂದು ಬದಿಗೊತ್ತುವುದು ಇನ್ನು ಸಾಧ್ಯವಿರಲಿಲ್ಲ. 1972ರಲ್ಲಿ ಮೈಕೆಲ್ ಕೊಲಕುರ್ಚಿಯೊ ಸೆರೆಮನೆಯ ಬಾಗಿಲ ಬಳಿಯ ಕಾಡುಗುಲಾಬಿ ಗಿಡಕ್ಕೆ ಬಂದು ನಿಂತ. ಆನ್ ಹಚಿನ್‌ಸನ್ ಆ ಬಾಗಿಲು ಹೊಕ್ಕಾಗ ಅವಳ ಹೆಜ್ಜೆಯಡಿ ಚಿಗುರಿದ ಗಿಡವಿರಬಹುದು ಎಂದು ಹಾಥಾರ್ನ್ ಒಂದು ಮಾತು ಸೇರಿಸಿದ್ದಾನೆ. ಹಚಿನ್‌ಸನ್ ನಿಜವಾಗಿ ಇದ್ದವಳು. ಮನೆಯಲ್ಲಿ ಸಭೆ ಸೇರಿಸಿ ಪಾದ್ರಿಗಳ ಬೋಧನೆಯನ್ನೇ ಪ್ರಶ್ನಿಸಿದ್ದಕ್ಕೆ 1638ರಲ್ಲಿ ಬಾಸ್ಟನ್ನಿನಿಂದ ಹೊರಹಾಕಲ್ಪಟ್ಟವಳು. ಪಾಪವೆಂದು ಕರೆಯುವ ಅಧಿಕಾರ ಯಾರದು ಎಂಬ ಪ್ರಶ್ನೆ ಆಗ ಕಾದಂಬರಿಯ ನಡುವಿಗೆ ಬಂತು.

ಹೆಸ್ಟರಳನ್ನು ಮತ್ತೆ ನಡುವಿಗೆ ತಂದವಳು ನೀನಾ ಬೇಮ್. 1976ರಿಂದಾಚೆಗಿನ ಅವಳ ಬರಹಗಳು ಜೇಮ್ಸ್ ಪಾದ್ರಿಗೆ ಕೊಟ್ಟಿದ್ದ ಕಾದಂಬರಿಯನ್ನು ಹೆಸ್ಟರಳಿಗೆ ಮರಳಿಸಿದವು. ನಂತರದವರು ಪುಸ್ತಕವನ್ನು ಅದು ಅಚ್ಚಾದ ವರ್ಷದ ಎದುರು ಹಿಡಿದರು. 1850, ಓಡಿಹೋದ ಗುಲಾಮರನ್ನು ಹಿಡಿದೊಪ್ಪಿಸುವ ಕಾಯಿದೆ ಬಂದ ವರ್ಷ. ಹಾಥಾರ್ನ್ ಅಧ್ಯಕ್ಷ ಪದವಿಗೆ ನಿಂತ ಗೆಳೆಯ ಫ್ರಾಂಕ್ಲಿನ್ ಪಿಯರ್ಸ್‌ನ ಜೀವನಚರಿತ್ರೆಯನ್ನು 1852ರಲ್ಲಿ ಬರೆದ. ಗುಲಾಮಗಿರಿಯನ್ನು ಮನುಷ್ಯರು ಮುಂದಾಗಿ ಕೀಳಬಾರದು, ಅದು ಕಾಲ ಬಂದಾಗ ತಾನಾಗಿ ಹೋಗುತ್ತದೆ ಎಂಬ ನಿಲುವು ಅದರಲ್ಲಿದೆ. ಕಾಯುವುದನ್ನೇ ಧರ್ಮವಾಗಿಸುವ ಈ ಮನಸ್ಸು ಕಾದಂಬರಿಯಲ್ಲೂ ಇದೆಯೆಂದು ಜೋನಥನ್ ಅರಾಕ್ 1986ರಲ್ಲಿ ತೋರಿಸಿದ. ಗುಲಾಮಗಿರಿ ವಿರೋಧಿ ಸ್ತ್ರೀಯರ ಚಿತ್ರಗಳನ್ನು ಹಾಥಾರ್ನ್ ಬಳಸಿಕೊಂಡು ಅವರ ರಾಜಕೀಯವನ್ನು ಮಾತ್ರ ಬಿಟ್ಟ ಎಂದು ಜೀನ್ ಫೇಗನ್ ಯೆಲಿನ್ 1989ರಲ್ಲಿ ವಾದಿಸಿದಳು. ಸ್ಯಾಕ್ವನ್ ಬರ್ಕೊವಿಚ್ 1991ರಲ್ಲಿ ಕೇಳಿದ್ದು ಒಂದೇ ಪ್ರಶ್ನೆ: ಯುರೋಪಿನಲ್ಲಿ ನೆಮ್ಮದಿಯಾಗಿದ್ದ ಹೆಸ್ಟರ್ ಕೊನೆಗೆ ಬಾಸ್ಟನ್ನಿಗೆ ಮರಳಿ ಬಂದು, ಯಾರ ಬಲವಂತವೂ ಇಲ್ಲದೆ ಆ ಅಕ್ಷರವನ್ನು ಮತ್ತೆ ತೊಟ್ಟಳೇಕೆ? ಅವನ ಪಾಲಿಗೆ ಅದು ಬಂಡಾಯವನ್ನು ಸಮಾಜ ಸದ್ದಿಲ್ಲದೆ ಒಳಗೆ ಎಳೆದುಕೊಳ್ಳುವ ಬಗೆ. ವಾದ ಬಿಗಿಯಾಗಿದೆ, ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಅವಳ ಗುಡಿಸಲಿಗೆ ಪ್ರೀತಿಯಲ್ಲಿ ಸೋತ, ಗಾಯಗೊಂಡ ಹೆಂಗಸರು ಬುದ್ಧಿ ಕೇಳಲು ಬರುತ್ತಿದ್ದರು. ಅವರ ಕಣ್ಣಿಗೆ ಆ ಅಕ್ಷರ ಶರಣಾಗತಿಯಾಗಿ ಕಂಡಿರಲಾರದು.

ಕತೆಗಾರರೂ ಓದುಗರೇ. ಭಾರತಿ ಮುಖರ್ಜಿಯ 1993ರ ‘ದಿ ಹೋಲ್ಡರ್ ಆಫ್ ದಿ ವರ್ಲ್ಡ್’ ಕಾದಂಬರಿಯ ಹ್ಯಾನಾ ಈಸ್ಟನ್ ಸೇಲಂ ಬಿಟ್ಟು ಕೋರಮಂಡಲ ತೀರಕ್ಕೆ ಬರುತ್ತಾಳೆ, ಹಿಂದೂ ರಾಜನೊಬ್ಬನನ್ನು ಪ್ರೀತಿಸುತ್ತಾಳೆ, ಪರ್ಲ್ ಎಂಬ ಮಗಳೊಂದಿಗೆ ಮರಳುತ್ತಾಳೆ. ಹಾಥಾರ್ನ್‌ನ ಕತೆಯ ಬೇರು ನಮ್ಮ ಕಡಲ ದಂಡೆಯಲ್ಲೂ ಇರಬಹುದೆಂಬ ಆ ಕಲ್ಪನೆಯಲ್ಲಿ ‘ಎ’ ಅಕ್ಷರಕ್ಕೆ ಇನ್ನೊಂದು ಭೂಪಟ ಸಿಗುತ್ತದೆ.

ಹೆಸ್ಟರಳನ್ನು ಹಾಥಾರ್ನ್ ಬಾಸ್ಟನ್ನಿನ ಕಿಂಗ್ಸ್ ಚಾಪೆಲ್ ಸ್ಮಶಾನದಲ್ಲಿ ಮಣ್ಣು ಮಾಡುತ್ತಾನೆ. ಹಳೆಯ ಗೋರಿಯೊಂದರ ಪಕ್ಕದಲ್ಲಿ, ನಡುವೆ ಜಾಗ ಬಿಟ್ಟು. ಎರಡಕ್ಕೂ ಸೇರಿ ಒಂದೇ ಕಲ್ಲು. ಅದೇ ಸ್ಮಶಾನದಲ್ಲಿ 1704ರಲ್ಲಿ ತೀರಿಕೊಂಡ ಎಲಿಜಬೆತ್ ಪೇನ್ ಎಂಬಾಕೆಯ ಕಲ್ಲು ಇವತ್ತಿಗೂ ಇದೆ. ಅದರ ಮೇಲೆ ಗುರಾಣಿಯಾಕಾರದ ಕೆತ್ತನೆ. ಅದರ ಗೆರೆಗಳಲ್ಲಿ ‘ಎ’ ಇದೆ, ಹಾಥಾರ್ನ್‌ಗೆ ಹೊಳೆದದ್ದು ಇದನ್ನು ನೋಡಿಯೇ ಎನ್ನುವವರಿದ್ದಾರೆ. ಬರೀ ಗುರಾಣಿ, ಬೇರೇನೂ ಇಲ್ಲ ಎನ್ನುವವರೂ ಇದ್ದಾರೆ. ಬಂದವರು ಕಲ್ಲಿನ ಮುಂದೆ ಬಗ್ಗಿ, ತಲೆ ಓರೆಮಾಡಿ, ಗೆರೆಯ ಗುಂಟ ಬೆರಳಾಡಿಸುತ್ತಾರೆ.