ಎರಡು ಮುಳ್ಳೂ ಒಟ್ಟಿಗೆ ಸುಳ್ಳು ಹೇಳಿದರೆ

ಇವತ್ತು ನಾನು ಹೇಳ್ತಿರೋದು ಒಂದು ತಗಡಿನ ಡಬ್ಬಿಯ ಚರಿತ್ರೆ. ಗಾತ್ರದಲ್ಲಿ ಬೆಂಕಿಪೊಟ್ಟಣದ ಆಸುಪಾಸು. 1960ರ ದಶಕದ ಬ್ರಿಟನ್ನಿನ ಎಂಜಿಬಿ, ಅಮೆರಿಕದ ಫೋರ್ಡ್ ಮಸ್ಟಾಂಗ್‌ನಂಥ ಕಾರುಗಳಲ್ಲಿ ಡ್ಯಾಶ್‌ಬೋರ್ಡ್ ಹಿಂದೆ ಯಾರ ಕಣ್ಣಿಗೂ ಬೀಳದೆ ಕೂತಿರುತ್ತೆ. ಹೆಸರು ವೋಲ್ಟೇಜ್ ಸ್ಟೆಬಿಲೈಸರ್.

ಇದು ಯಾಕೆ ಬೇಕಿತ್ತು? ಕಾರಿನ ಬ್ಯಾಟರಿಯನ್ನು 12 ವೋಲ್ಟ್ ಅಂತೀವಿ. ಆದರೆ ಎಂಜಿನ್ ಓಡುವಾಗ ಅದು 14ರ ಹತ್ತಿರ ಏರುತ್ತೆ, ಹೆಡ್‌ಲೈಟ್ ಹಾಕಿದರೆ ಇಳಿಯುತ್ತೆ. ಆ ಕರೆಂಟನ್ನೇ ನೇರವಾಗಿ ಪೆಟ್ರೋಲ್ ಮೀಟರಿಗೆ ಕೊಟ್ಟರೆ, ಟ್ಯಾಂಕಿನಲ್ಲಿ ಇರೋದು ಅಷ್ಟೇ ಇದ್ದರೂ ಮುಳ್ಳು ಮೇಲೆ ಕೆಳಗೆ ಆಡುತ್ತೆ. ಅದಕ್ಕೆ ಸ್ಮಿತ್ಸ್ ಕಂಪನಿಯ ಮೀಟರುಗಳಿಗೆ ಸರಾಸರಿ 10 ವೋಲ್ಟ್, ಫೋರ್ಡ್ ಕಾರುಗಳಲ್ಲಿ ಸರಾಸರಿ 5 ವೋಲ್ಟ್ ಸಿಗುವ ಹಾಗೆ ಈ ಡಬ್ಬಿ ನೋಡಿಕೊಳ್ತಿತ್ತು.

ಒಳಗೆ ಇರೋದು ಒಂದು ದ್ವಿಲೋಹ ಪಟ್ಟಿ. ಬೇರೆ ಬೇರೆ ರೀತಿ ಹಿಗ್ಗುವ ಎರಡು ಲೋಹಗಳನ್ನು ಬೆಸೆದು ಮಾಡಿದ್ದು. ಅದರ ಸುತ್ತ ಸಣ್ಣ ತಂತಿ. ಕರೆಂಟ್ ಹರಿದರೆ ಪಟ್ಟಿ ಬಿಸಿಯಾಗಿ ಬಾಗುತ್ತೆ, ಸಂಪರ್ಕ ತಪ್ಪುತ್ತೆ. ತಣ್ಣಗಾದರೆ ಮತ್ತೆ ಕೂಡುತ್ತೆ. ಮನೆಯ ಇಸ್ತ್ರಿಪೆಟ್ಟಿಗೆ 'ಟಿಕ್' ಅನ್ನುತ್ತಲ್ಲ, ಅದೇ ಉಪಾಯ. ಹೀಗೆ ಬಿಟ್ಟು ಬಿಟ್ಟು ಬರುವ ಕರೆಂಟಿಗೆ ಮುಳ್ಳು ನಡುಗಬೇಕಿತ್ತು, ಅಲ್ವಾ? ನಡುಗಲ್ಲ. ಯಾಕಂದ್ರೆ ಮೀಟರಿನ ಒಳಗೂ ನಿಧಾನಕ್ಕೆ ಬಿಸಿಯಾಗುವ ಇಂಥದೇ ಪಟ್ಟಿ ಇದೆ. ನಿಧಾನವೇ ಇಲ್ಲಿ ಗುಣ.

ಈ ಪಟ್ಟಿಯ ಮೂಲ ಕಾರಿಗಿಂತ ತುಂಬಾ ಹಳೇದು. 18ನೇ ಶತಮಾನದಲ್ಲಿ ಜಾನ್ ಹ್ಯಾರಿಸನ್ ಎಂಬ ಇಂಗ್ಲಿಷ್ ಬಡಗಿ, ಹಡಗು ಎಲ್ಲಿದೆ ಅಂತ ತಿಳಿಯಲು ನೆರವಾಗುವ ಗಡಿಯಾರ ಮಾಡಲು ಹೊರಟ. ಸಮುದ್ರದ ಮೇಲೆ ಬಿಸಿ, ಚಳಿ ಬದಲಾದರೆ ಗಡಿಯಾರ ಹೆಜ್ಜೆ ತಪ್ಪುತ್ತಿತ್ತು. ಅದನ್ನು ಸರಿಪಡಿಸಲು ಹಿತ್ತಾಳೆ ಮತ್ತು ಉಕ್ಕನ್ನು ಜೋಡಿಸಿದ ಪಟ್ಟಿಯನ್ನು ತನ್ನ ಮೂರನೇ ಗಡಿಯಾರದಲ್ಲಿ ಬಳಸಿದ. ಆ ಗಡಿಯಾರಕ್ಕೆ ಹಿಡಿದದ್ದು 19 ವರ್ಷ. ಅವನಿಗೆ ಶಾಖ ಶತ್ರುವಾಗಿತ್ತು. ಎರಡು ಶತಮಾನದ ನಂತರ ಕಾರಿನವರು ಅದೇ ಶಾಖವನ್ನು ಕೆಲಸಕ್ಕೆ ಹಚ್ಚಿದರು.

ಈಗ ಆ ಡಬ್ಬಿಗಳಿಗೆ ವಯಸ್ಸಾಗಿದೆ. ಸಂಪರ್ಕ ಅಂಟಿಕೊಂಡರೆ ಬ್ಯಾಟರಿಯ ಪೂರ್ತಿ ವೋಲ್ಟೇಜ್ ನುಗ್ಗುತ್ತೆ. ಟ್ಯಾಂಕ್ ಬರಿದಾಗ್ತಿದ್ದರೂ ಮುಳ್ಳು 'ಇನ್ನೂ ಇದೆ' ಅನ್ನುತ್ತೆ. ಸಂಪರ್ಕ ಕೂಡದೇ ಹೋದರೆ ಮುಳ್ಳು ಏಳೋದೇ ಇಲ್ಲ; ಎಂಜಿನ್ ಕುದಿಯುತ್ತಿದ್ದರೂ ನಿಮಗೆ ಗೊತ್ತಾಗಲ್ಲ. ಪೆಟ್ರೋಲ್ ಮುಳ್ಳು, ಎಂಜಿನ್ ಬಿಸಿಯ ಮುಳ್ಳು ಎರಡೂ ಈ ಡಬ್ಬಿಯಿಂದಲೇ ಕರೆಂಟ್ ಪಡೆಯುವ ಕಾರಿನಲ್ಲಿ, ಎರಡೂ ಒಟ್ಟಿಗೆ ಸುಳ್ಳು ಹೇಳಿದರೆ ಮೀಟರ್ ಬಿಚ್ಚಬೇಡಿ. ಮೊದಲು ಡಬ್ಬಿಯ ಅರ್ತಿಂಗ್ ನೋಡಿ. ಅದು ಸಡಿಲವಾಗಿದ್ದರೆ ಪಟ್ಟಿ ಬಿಸಿಯೇ ಆಗಲ್ಲ, ಸಂಪರ್ಕ ಬಿಡಲ್ಲ.

ಡಬ್ಬಿಯೇ ಸತ್ತಿದ್ದರೆ, ಸ್ಮಿತ್ಸ್ ಮೀಟರುಗಳಿಗೆ 7810 ಅನ್ನೋ ಮೂರು ಕಾಲಿನ ಚಿಪ್ ಇದೆ. ಕೊನೆಯ 10 ಅಂದ್ರೆ 10 ವೋಲ್ಟ್. ನಿಮ್ಮ ಫೋನಿನೊಳಗೂ ಇಂಥ ವೋಲ್ಟೇಜ್ ಕಾವಲುಗಾರರಿದ್ದಾರೆ. ಒಂದು ಎಚ್ಚರಿಕೆ: 1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಕಾರಿನ ಬಾಡಿಗೆ ಸೇರಿರುತ್ತೆ. ಆಮೇಲೆ ಬಂದವುಗಳಲ್ಲಿ ನೆಗೆಟಿವ್. ಎರಡಕ್ಕೂ ಹಾಕುವ ಭಾಗ ಬೇರೆ.

ಕೆಲವರು ಹೊಸ ಚಿಪ್ಪನ್ನು ಹಳೇ ಡಬ್ಬಿಯೊಳಗೇ ಕೂರಿಸ್ತಾರೆ. ಇದು ಮೋಸ ಅನ್ನುವವರೂ ಇದ್ದಾರೆ. ನಾನು ಹಾಗನ್ನಲ್ಲ. ರಸ್ತೆಗಿಳಿಯುವ ಕಾರು ನಿಜ ಹೇಳಬೇಕು. ಆದರೆ ಬಿಚ್ಚಿದ ಪಟ್ಟಿಯನ್ನು ಗುಜರಿಗೆ ಹಾಕಬೇಡಿ, ಒಂದು ಕವರಿನಲ್ಲಿ ಹಾಕಿ ಇಟ್ಕೊಳ್ಳಿ. ಅಷ್ಟು ಸಣ್ಣ ತಗಡಿನ ಚೂರಲ್ಲಿ ಹ್ಯಾರಿಸನ್ನನ 19 ವರ್ಷದ ಪಾಲೂ ಇದೆ.

ಮುಂದಿನ ಸಂಚಿಕೆಯಲ್ಲಿ ಸಿಗೋಣ.