ಮುಂಡಗೋಡದ ಎರಡು ವಿಹಾರಗಳು

ಜೀರ್ಣೋದ್ಧಾರವೆಂಬ ಮಾತು ನಮ್ಮ ಜಿಲ್ಲೆಯ ಮನೆಮನೆಗೂ ಪರಿಚಿತವಾದುದು. ಹಳೆಯ ಗುಡಿಯ ಗೋಡೆಯು ಬಿರಿದರೆ ಊರವರು ಕೂಡಿ, ಬಿಂಬವನ್ನು ಬಾಲಾಲಯದಲ್ಲಿರಿಸಿ, ಅದೇ ಅಧಿಷ್ಠಾನದ ಮೇಲೆ ಹೊಸ ಗೋಡೆಯನ್ನೆಬ್ಬಿಸುವರು. ಅಲ್ಲಿ ಸ್ಥಳವೂ ಅದೇ, ದೇವರೂ ಅದೇ. ಬದಲಾಗುವುದು ಕಲ್ಲುಮರಗಳು ಮಾತ್ರ. ಸ್ಥಳವೇ ಕೈಬಿಟ್ಟು, ಒಂದು ಕಲ್ಲನ್ನೂ ತರಲಾಗದೆ ಹೋದಲ್ಲಿ ಜೀರ್ಣೋದ್ಧಾರವು ಸಾಧ್ಯವೇ? ಇದಕ್ಕೆ ಉತ್ತರವು ನಮ್ಮ ಮುಂಡಗೋಡ ತಾಲೂಕಿನಲ್ಲಿಯೇ ಇರುವುದೆಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶವು.

ಟಿಬೇಟದಲ್ಲಿ ಆಚಾರ್ಯ ತ್ಸೊಂಗ್‌ಖಾಪರು 1409ರಲ್ಲಿ ಲ್ಹಾಸಾ ನಗರದ ಪೂರ್ವಕ್ಕೆ ಬೆಟ್ಟದ ಮೇಲೆ ಗಾದೆನ್ ವಿಹಾರವನ್ನು ಸ್ಥಾಪಿಸಿದರು. ಅವರ ಶಿಷ್ಯರಾದ ಜಾಮ್ಯಾಂಗ್ ಛೋಜೆಯವರು 1416ರಲ್ಲಿ ನಗರದ ಪಶ್ಚಿಮಕ್ಕೆ ಡ್ರೆಪುಂಗ್ ವಿಹಾರವನ್ನು ಕಟ್ಟಿದರು. ಹೆಸರುಗಳು ಪರಕೀಯವೆನಿಸಿದರೂ ಅರ್ಥವು ನಮ್ಮದೇ ಆಗಿದೆ. ಗಾದೆನ್ ಎಂದರೆ ಮೈತ್ರೇಯ ಬೋಧಿಸತ್ತ್ವನಿರುವ ತುಷಿತಲೋಕ. ಡ್ರೆಪುಂಗ್ ಎಂದರೆ ಧಾನ್ಯದ ರಾಶಿ. ಕೃಷ್ಣಾತೀರದ ಅಮರಾವತಿಯಲ್ಲಿದ್ದ ಪ್ರಾಚೀನ ಧಾನ್ಯಕಟಕದ ಹೆಸರೇ ಅದು. ಸಂಪ್ರದಾಯದ ಗಣನೆಯಂತೆ ಗಾದೆನ್‌ನಲ್ಲಿ 3,300 ಮಂದಿಯೂ ಡ್ರೆಪುಂಗ್‌ನಲ್ಲಿ 7,700 ಮಂದಿಯೂ ಭಿಕ್ಷುಗಳಿದ್ದರು.

1959ರ ಮಾರ್ಚಿನಲ್ಲಿ ಲ್ಹಾಸಾದಲ್ಲಿ ದಂಗೆಯೆದ್ದು, ದಲಾಯಿ ಲಾಮಾ ಅವರು ಭಾರತವನ್ನು ಸೇರಿದರು. ಹಿಂದುಳಿದ ಗಾದೆನ್ ವಿಹಾರವು 1966ರಲ್ಲಿ ಮೊದಲಾದ ಸಾಂಸ್ಕೃತಿಕ ಕ್ರಾಂತಿಯ ಕಾಲದಲ್ಲಿ ಬಹುಮಟ್ಟಿಗೆ ನೆಲಸಮವಾಯಿತು. 1980ರ ದಶಕದಿಂದೀಚೆಗೆ ಅಲ್ಲಿಯೂ ಮರಳಿ ಕಟ್ಟಡಗಳೆದ್ದಿವೆ. ಹಿಮಾಲಯವನ್ನು ದಾಟಿ ಬಂದ ಭಿಕ್ಷುಗಳಲ್ಲಿ ಅನೇಕರನ್ನು ಉತ್ತರ ಬಂಗಾಳದ ಬಕ್ಸಾ ಕೋಟೆಯಲ್ಲಿರಿಸಿದರು. ಆಂಗ್ಲರ ಆಳ್ವಿಕೆಯಲ್ಲಿ ನಮ್ಮ ಸ್ವಾತಂತ್ರ್ಯಯೋಧರನ್ನು ಕೂಡಿಹಾಕಿದ್ದ ಸ್ಥಳವದು. ಅಲ್ಲಿನ ಸೆಕೆಗೂ ಕ್ಷಯರೋಗಕ್ಕೂ ಬಹುಜನರು ಬಲಿಯಾದರು. ಉಳಿದವರು ಪಾಠವನ್ನು ನಿಲ್ಲಿಸಲಿಲ್ಲ. 1966ರಲ್ಲಿ, ಶ್ರೀ ಎಸ್. ನಿಜಲಿಂಗಪ್ಪನವರು ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿದ್ದಾಗ, ಮುಂಡಗೋಡದ ಬಳಿ ಸುಮಾರು 4,000 ಎಕರೆ ಅಡವಿಯ ಭೂಮಿಯಲ್ಲಿ ಟಿಬೇಟಿಯನ್ನರ ವಸತಿಯು ಏರ್ಪಟ್ಟಿತು. 1969ರ ಹೊತ್ತಿಗೆ ಗಾದೆನ್ ಹಾಗೂ ಡ್ರೆಪುಂಗ್‌ಗಳ ಭಿಕ್ಷುಗಳು ಅಲ್ಲಿಗೆ ಬಂದರು. ಊರವರು ಒಂದು ಮತ್ತು ಎರಡನೆಯ ಲಾಮಾ ಕ್ಯಾಂಪುಗಳೆಂದು ಕರೆಯುವುದು ಇವುಗಳನ್ನೇ. ಶಾಸ್ತ್ರಪಾರಂಗತರಾದವರೇ ಮರ ಕಡಿದು, ನೇಗಿಲು ಹಿಡಿದು, ಗೋವಿನ ಜೋಳವನ್ನು ಬಿತ್ತಿದರು. ಮೊದಲು ಗುಡಾರ, ಆಮೇಲೆ ಗುಡಿಸಲು, ಬಹುಕಾಲದ ಮೇಲೆ ವಿಹಾರ.

ಇನ್ನು ವಾಸ್ತುವಿನ ವಿಚಾರವು. ಟಿಬೇಟದ ವಿಹಾರದ ಕಲ್ಲುಗೋಡೆಯು ಬುಡದಲ್ಲಿ ಬಹಳ ದಪ್ಪವಾಗಿದ್ದು, ಮೇಲೇರಿದಂತೆ ಒಳಕ್ಕೆ ವಾಲುತ್ತದೆ. ಮಳೆಯು ಅಲ್ಪವಾದ ಆ ದೇಶದಲ್ಲಿ ಮಣ್ಣಿನ ಸಮತಟ್ಟಾದ ಮಾಳಿಗೆಯು ಸಾಕು. ಗೋಡೆಯ ತುದಿಗೆ ಒಣಕಡ್ಡಿಗಳ ಕಟ್ಟುಗಳನ್ನು ಒತ್ತಾಗಿ ಜೋಡಿಸಿ, ಕೆಂಗಂದು ಬಣ್ಣವನ್ನು ಬಳಿದು ಪಟ್ಟಿಕೆಯನ್ನು ರಚಿಸುವರು. ಇದರಿಂದ ಗೋಡೆಯ ಮೇಲಣ ಭಾರವು ತಗ್ಗುವುದು. ಕಿಟಕಿಗಳಿಗೆ ಕೆಳಗೆ ಅಗಲವಾಗುವ ಕಪ್ಪು ಚೌಕಟ್ಟು, ಒಳಗೆ ಬೋದಿಗೆಗಳನ್ನು ಹೊತ್ತ ಕಂಬಗಳ ಸಾಲು. ಮಲೆನಾಡಿನ ಸೆರಗಿನಲ್ಲಿರುವ ಮುಂಡಗೋಡದ ಮಳೆಗೆ ಮಣ್ಣಿನ ಮಾಳಿಗೆಯು ನಿಲ್ಲದು. ಆದುದರಿಂದ ಇಲ್ಲಿ ಸಿಮೆಂಟು ಕಬ್ಬಿಣಗಳು ಕಲ್ಲುಮಣ್ಣುಗಳ ಸ್ಥಾನವನ್ನು ಹಿಡಿದವು. ಕೆಂಗಂದಿನ ಪಟ್ಟಿಕೆಯು ಭಾರವನ್ನಿಳಿಸುವ ತನ್ನ ಕೆಲಸವನ್ನು ಕಳೆದುಕೊಂಡು, ಬಣ್ಣವಾಗಿ ಉಳಿಯಿತು. ಡ್ರೆಪುಂಗ್‌ನ ಲೋಸೆಲಿಂಗ್ ವಿದ್ಯಾಲಯದ ಹೊಸ ಸಭಾಮಂದಿರವು 2008ರಲ್ಲಿ ದಲಾಯಿ ಲಾಮಾ ಅವರಿಂದ ಉದ್ಘಾಟಿತವಾಯಿತು. ಇಂಥ ಮಂದಿರಗಳ ನೆತ್ತಿಯ ಮೇಲೆ ಹೊಳೆಯುವ ಧರ್ಮಚಕ್ರ, ಅದರ ಇಬ್ಬದಿಯ ಜಿಂಕೆಗಳು, ಸಾರನಾಥದ ಮೃಗದಾವದಲ್ಲಾದ ಪ್ರಥಮೋಪದೇಶದ ಸ್ಮಾರಕಗಳು. ಗಾದೆನ್‌ನ ಎರಡು ವಿದ್ಯಾಲಯಗಳ ಹೆಸರು ಶಾರ್‌ತ್ಸೆ ಮತ್ತು ಜಾಂಗ್‌ತ್ಸೆ, ಎಂದರೆ ಪೂರ್ವಶಿಖರ, ಉತ್ತರಶಿಖರ. ಆ ಶಿಖರಗಳು ಇಲ್ಲಿಲ್ಲ. ಹೆಸರುಗಳು ಮಾತ್ರ ಜೊತೆಯಲ್ಲಿ ನಡೆದು ಬಂದಿವೆ.

ಹಾಗಾದರೆ ಅಲ್ಲಿಂದ ಇಲ್ಲಿಗೆ ಬಂದುದೇನು? ಸಂಜೆಯ ಹೊತ್ತು ವಾದಾಂಗಣಕ್ಕೆ ಹೋಗಿ ನೋಡಬೇಕು. ಪೂರ್ವಪಕ್ಷಿಯು ನಿಂತು, ಅಂಗೈಗೆ ಅಂಗೈಯನ್ನು ತಟ್ಟಿ ಪ್ರಶ್ನೆಯನ್ನೆಸೆಯುವನು. ಸಿದ್ಧಾಂತಿಯು ಕುಳಿತು ಉತ್ತರಿಸುವನು. ಪಾಠಶಾಲೆಯ ವಾಕ್ಯಾರ್ಥಸಭೆಯಲ್ಲಿ ಬೆವರಿದ ನನ್ನಂಥವನಿಗೆ ಭಾಷೆಯು ತಿಳಿಯದಿದ್ದರೂ ಗತಿಯು ತಿಳಿಯಿತು. ಅವರು ವಾದಿಸುವುದು ಧರ್ಮಕೀರ್ತಿಯ ಪ್ರಮಾಣವಾರ್ತಿಕವನ್ನು, ವಸುಬಂಧುವಿನ ಅಭಿಧರ್ಮಕೋಶವನ್ನು, ಚಂದ್ರಕೀರ್ತಿಯ ಮಧ್ಯಮಕಾವತಾರವನ್ನು. ನಾವು ಕಳೆದುಕೊಂಡಿದ್ದ ಪ್ರಮಾಣವಾರ್ತಿಕದ ಸಂಸ್ಕೃತ ಮೂಲವನ್ನು ರಾಹುಲ ಸಾಂಕೃತ್ಯಾಯನರು 1930ರ ದಶಕದಲ್ಲಿ ಟಿಬೇಟದ ವಿಹಾರಗಳಿಂದಲೇ ಮರಳಿ ದೊರಕಿಸಿದರು.

ಆಹಿತಾಗ್ನಿಯು ಊರನ್ನು ಬಿಡಬೇಕಾದರೆ ಅಗ್ನಿಕುಂಡವನ್ನು ಹೊತ್ತೊಯ್ಯುವುದಿಲ್ಲ. ಅಗ್ನಿಯನ್ನು ಅರಣಿಗಳಲ್ಲಿ ಸಮಾರೋಪಣ ಮಾಡಿಕೊಂಡು, ಹೋದ ಊರಿನಲ್ಲಿ ಮಥಿಸಿ ಮರಳಿ ಪಡೆಯುವನು. ಕುಂಡವು ಹೊಸದು, ಅಗ್ನಿಯು ಹಳೆಯದು. ಬಕ್ಸಾ ಕೋಟೆಯಿಂದ ಬಂದ ಆ ಭಿಕ್ಷುಗಳ ಕಂಠವೇ ಅರಣಿಯಾಗಿತ್ತು.

ಅಶೋಕನ ಕಾಲದಲ್ಲಿ ರಕ್ಖಿತನೆಂಬ ಥೇರನನ್ನು ವನವಾಸಕ್ಕೆ ಕಳುಹಿದರೆಂದು ಮಹಾವಂಸದಲ್ಲಿ ಉಕ್ತವಾಗಿದೆ. ವನವಾಸವೆಂದರೆ ನಮ್ಮ ಬನವಾಸಿಯೆಂದು ವಿದ್ವಾಂಸರು ಹೇಳುವರು. ಮುಂಡಗೋಡಕ್ಕೆ ಅದು ದೂರವಲ್ಲ. ಹಾಗೆ ನೋಡಿದರೆ ಬಂದವರು ಅತಿಥಿಗಳಲ್ಲ, ತಡವಾಗಿ ಮನೆಗೆ ಮರಳಿದ ದಾಯಾದರು.

ನಾನು ಓದಿದ ಪಾಠಶಾಲೆಗೆ ಕೆಲವು ವರ್ಷಗಳ ಹಿಂದೆ ದಾನಿಗಳು ಹೊಸ ಮಾಡನ್ನು ಹೊದಿಸಿದರು. ನೆಲಕ್ಕೆ ನುಣುಪಾದ ಕಲ್ಲು ಬಂದಿತು. ಈಗ ಅಲ್ಲಿ ನಾಲ್ವರು ವಿದ್ಯಾರ್ಥಿಗಳಿರುವರು, ವಾಕ್ಯಾರ್ಥಕ್ಕೆ ಎದುರಾಳಿಯಿಲ್ಲ. ಮುಂಡಗೋಡದಲ್ಲಿ ವಾದವು ಮೊದಲು, ಮಂದಿರವು ಆಮೇಲೆ. ನಾವು ಮಂದಿರವನ್ನು ಮೊದಲು ಮಾಡಿದೆವು. ಗುಡಿಗೋ ಶಾಲೆಗೋ ಜೀರ್ಣೋದ್ಧಾರದ ವಂತಿಗೆಯನ್ನು ಬರೆಯುವ ಮಹನೀಯರು, ಒಮ್ಮೆ ಆ ವಾದಾಂಗಣದ ಅಂಚಿನಲ್ಲಿ ಒಂದು ಸಂಜೆ ಕುಳಿತು ಬರಬೇಕೆಂದು ನನ್ನ ಅರಿಕೆ.