ಚಿಕ್ಕೋಡಿ ಭಾಗದಲ್ಲಿ ಕಲೆ ಮತ್ತು ಸಂಸ್ಕೃತಿಗೆ ದತ್ತಿ ನೆರವು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ಬೆಳಗಾವಿ ಜಿಲ್ಲೆಯ ಗಡಿಭಾಗದ ತಾಲ್ಲೂಕುಗಳು. ಕನ್ನಡ ಮತ್ತು ಮರಾಠಿ ಭಾಷೆಗಳೆರಡೂ ಬಳಕೆಯಲ್ಲಿರುವ ಈ ಪ್ರದೇಶದಲ್ಲಿ ಕಲೆ, ಸಾಹಿತ್ಯ ಹಾಗೂ ರಂಗಭೂಮಿಗೆ ಮಠಗಳು, ದತ್ತಿ ಸಂಸ್ಥೆಗಳು, ಸರ್ಕಾರ, ಉದ್ಯಮಗಳು ಮತ್ತು ಊರಿನ ಜನರು ನೆರವು ನೀಡುತ್ತ ಬಂದಿದ್ದಾರೆ.

ಹಿನ್ನೆಲೆ

ಸ್ವಾತಂತ್ರ್ಯಪೂರ್ವದಲ್ಲಿ ಚಿಕ್ಕೋಡಿ ಮತ್ತು ಅಥಣಿ ಮುಂಬಯಿ ಪ್ರಾಂತಕ್ಕೂ, ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೂ ಸೇರಿದ್ದವು. 1956ರ ನವೆಂಬರ್ 1ರಂದು ಇವು ಮೈಸೂರು ರಾಜ್ಯಕ್ಕೆ ಸೇರಿದವು. ನಿಪ್ಪಾಣಿ ಮೊದಲು ಚಿಕ್ಕೋಡಿ ತಾಲ್ಲೂಕಿನಲ್ಲಿಯೂ ಕಾಗವಾಡ ಅಥಣಿ ತಾಲ್ಲೂಕಿನಲ್ಲಿಯೂ ಇದ್ದವು.

ಸಾಂಪ್ರದಾಯಿಕ ಪೋಷಣೆ

ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ ಪ್ರಸಿದ್ಧವಾದ ಶ್ರೀಕೃಷ್ಣ ಪಾರಿಜಾತ, ಭಜನೆ, ಡೊಳ್ಳಿನ ಪದ ಮೊದಲಾದವು ಜಾತ್ರೆ ಹಾಗೂ ಹಬ್ಬಗಳನ್ನು ಆಶ್ರಯಿಸಿ ಬೆಳೆದವು. ಊರಿನ ಹಿರಿಯರು ಮನೆಮನೆಯಿಂದ ಪಟ್ಟಿ ಎತ್ತಿ ಮೇಳದವರಿಗೆ ಸಂಭಾವನೆ ಕೊಡುವುದು, ಮಠದಲ್ಲಿ ಊಟ ಮತ್ತು ವಸತಿ ಒದಗಿಸುವುದು ರೂಢಿ. ಚಿಕ್ಕೋಡಿ ತಾಲ್ಲೂಕಿನ ಚಿಂಚಣಿಯ ಅಲ್ಲಮಪ್ರಭು ಸಿದ್ಧಸಂಸ್ಥಾನ ಮಠವು ಗಡಿಭಾಗದಲ್ಲಿ ಕನ್ನಡ ಪುಸ್ತಕ ಪ್ರಕಟಣೆಗೆ ಹೆಸರಾಗಿದೆ.

ಸರ್ಕಾರ ಮತ್ತು ಪ್ರತಿಷ್ಠಾನಗಳು

ಕನ್ನಡ ಮತ್ತು ಸಂಸ್ಕೃತಿ ಇಲಾಖೆಯು ನೋಂದಾಯಿತ ಸಂಘಸಂಸ್ಥೆಗಳಿಗೆ ಧನಸಹಾಯ ನೀಡುತ್ತದೆ. 2010ರ ಕಾಯಿದೆಯಂತೆ ರಚಿತವಾದ ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರವು ಗಡಿ ತಾಲ್ಲೂಕುಗಳ ಭಾಷೆ ಮತ್ತು ಸಂಸ್ಕೃತಿಯ ಕಾರ್ಯಗಳಿಗೂ ನೆರವಾಗುತ್ತದೆ. ಬೆಂಗಳೂರಿನಲ್ಲಿ 1993ರಲ್ಲಿ ಸ್ಥಾಪನೆಯಾದ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಎಂಬ ಖಾಸಗಿ ಸಂಸ್ಥೆಯು ದಾನಿಗಳಿಂದ ಹಣ ಸಂಗ್ರಹಿಸಿ ಕಲಾವಿದರಿಗೂ ಸಂಶೋಧಕರಿಗೂ ಅನುದಾನ ಕೊಡುತ್ತದೆ. ಅದರ ‘ಕಲಿ ಕಲಿಸು’ ಯೋಜನೆಯು ಕರ್ನಾಟಕದ ಸರ್ಕಾರಿ ಶಾಲೆಗಳ ಶಿಕ್ಷಕರನ್ನು ಒಳಗೊಂಡಿದೆ.

ಉದ್ಯಮಗಳ ಪಾತ್ರ

2013ರ ಕಂಪನಿ ಕಾಯಿದೆಯ 135ನೆಯ ಕಲಮಿನಂತೆ 500 ಕೋಟಿ ರೂಪಾಯಿ ನಿವ್ವಳ ಮೌಲ್ಯ, 1000 ಕೋಟಿ ರೂಪಾಯಿ ವಹಿವಾಟು ಅಥವಾ 5 ಕೋಟಿ ರೂಪಾಯಿ ನಿವ್ವಳ ಲಾಭವುಳ್ಳ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಕನಿಷ್ಠ ಶೇ. 2ರಷ್ಟನ್ನು ಸಾಮಾಜಿಕ ಕಾರ್ಯಗಳಿಗೆ ವಿನಿಯೋಗಿಸಬೇಕು. ಪರಂಪರೆಯ ರಕ್ಷಣೆ, ಸಾರ್ವಜನಿಕ ಗ್ರಂಥಾಲಯ ಹಾಗೂ ಸಾಂಪ್ರದಾಯಿಕ ಕಲೆಗಳು ಕಾಯಿದೆಯ ಏಳನೆಯ ಅನುಸೂಚಿಯಲ್ಲಿವೆ. ಕಂಪನಿಯು ತನ್ನ ಸುತ್ತಲಿನ ಪ್ರದೇಶಕ್ಕೆ ಆದ್ಯತೆ ನೀಡಬೇಕೆಂದೂ ಕಾಯಿದೆ ಹೇಳುತ್ತದೆ.

ಸಕ್ಕರೆ ಈ ಭಾಗದ ಮುಖ್ಯ ಉದ್ಯಮ. 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್ ಕಂಪನಿಯ ಕಾರ್ಖಾನೆ ಉಗಾರ ಖುರ್ದದಲ್ಲಿದೆ. ಆದರೆ ಇಲ್ಲಿನ ಹಲವು ಕಾರ್ಖಾನೆಗಳು ಸಹಕಾರಿ ಸಂಘಗಳಾಗಿದ್ದು, ಅವುಗಳಿಗೆ ಕಂಪನಿ ಕಾಯಿದೆಯ ಈ ನಿಯಮ ಅನ್ವಯಿಸುವುದಿಲ್ಲ. ಅವುಗಳ ದೇಣಿಗೆ ಸಹಕಾರ ಕಾನೂನಿಗೂ ಸದಸ್ಯರ ತೀರ್ಮಾನಕ್ಕೂ ಒಳಪಟ್ಟಿರುತ್ತದೆ.

ಸಮಸ್ಯೆಗಳು

ಇಲಾಖೆಗಳ ಮತ್ತು ಕಂಪನಿಗಳ ನೆರವು ಪಡೆಯಲು ಸಾಮಾನ್ಯವಾಗಿ ನೋಂದಣಿ, ಲೆಕ್ಕಪರಿಶೋಧನೆ ಮತ್ತು ಬ್ಯಾಂಕ್ ಖಾತೆ ಅಗತ್ಯ. ಕೃಷಿ ಕೂಲಿಯೊಂದಿಗೆ ಕಲೆಯನ್ನು ಉಳಿಸಿಕೊಂಡ ಮೇಳಗಳಿಗೆ ಈ ದಾಖಲೆಗಳನ್ನು ಹೊಂದಿಸುವುದು ಕಷ್ಟ. ಅನುದಾನವು ಒಂದು ದಿನದ ಉತ್ಸವಕ್ಕೆ ಮಾತ್ರ ಸೀಮಿತವಾದಾಗ ಹೊಸ ಕಲಾವಿದರ ತರಬೇತಿಗೆ ಹಣ ಉಳಿಯುವುದಿಲ್ಲ. ಆದ್ದರಿಂದ ನೋಂದಾಯಿತ ಸಂಸ್ಥೆ, ಶಾಲೆ ಮತ್ತು ಮೇಳ ಕೂಡಿ ನಡೆಸುವ ಪಾಲುದಾರಿಕೆಗಳು ಇಲ್ಲಿ ಮಹತ್ವ ಪಡೆಯುತ್ತವೆ.